ನಗದಮ್ಮನ ಅಂಗಡಿಯಲ್ಲಿ ಕೂಪನ್ ಇಲ್ಲ

ನವೆಂಬರ್ 29, ಶನಿವಾರ, ಬೆಳಿಗ್ಗೆ ಆರೂವರೆ. ಮೇಜಿನ ಮೇಲೆ ನಲವತ್ತಮೂರು ಡಿಸ್ಕ್‌ಗಳಿವೆ. ತೀರಿಸಬೇಕಾದ ಸಾಲ ಏಳು ಸಾವಿರದ ಐನೂರು. ಗಡುವು ನಾಳೆ ಸಂಜೆ.

ಮಹಡಿ ಮೆಟ್ಟಿಲ ಕೆಳಗಿನ ಈ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲಿರಬೇಕಾಗುತ್ತದೆ. ಒಡತಿಗೆ ಐವತ್ತೊಂದು ವರ್ಷ. ಡಿಸ್ಕನ್ನು ಅಂಚಿನಲ್ಲಷ್ಟೇ ಹಿಡಿದು ದೀಪಕ್ಕೆ ಓರೆಯಾಗಿ ತಿರುಗಿಸುತ್ತಾರೆ. ನಡುವಿನಿಂದ ಅಂಚಿಗೆ ನೇರವಾಗಿ ಎಳೆದ ಗೀರಿಗೆ ಅವರು ಅಂಜುವುದಿಲ್ಲ. ಬಳೆಯಂತೆ ಸುತ್ತಿಕೊಂಡ ಗೀರು ಕಂಡರೆ ಪಕ್ಕಕ್ಕಿಡುತ್ತಾರೆ. ಅಂಥ ಡಿಸ್ಕ್ ಆಟದ ನಡುವೆ ನಿಂತುಹೋಗುತ್ತದೆ.

ಬೀದಿಯವರು ಅವರನ್ನು ಕರೆಯುವುದು ನಗದಮ್ಮ ಎಂದು. ಹಳೆಯ ವಿಡಿಯೊ ಗೇಮ್ ತಂದವರಿಗೆ ನಿಂತ ಕಾಲಲ್ಲೇ ಹಣ ಎಣಿಸಿಕೊಡುವವರು ಈ ಸುತ್ತಿನಲ್ಲಿ ಇವರೊಬ್ಬರೇ.

ಅಂಗಡಿಯ ಹಿಂಗೋಡೆಗೆ ಒರಗಿ, ಕಾಲಿಗೆ ಕಂಬಳಿ ಸುತ್ತಿಕೊಂಡು, ಅವರ ಅತ್ತೆ ಕಾರು ಓಡಿಸುತ್ತಿದ್ದಾರೆ. ವಯಸ್ಸು ಎಪ್ಪತ್ತಾರು. ಬಂದ ಜಾಯ್‌ಸ್ಟಿಕ್‌ಗಳನ್ನು ಪರೀಕ್ಷಿಸುವ ಕೆಲಸ ಅವರದು. ಬೆರಳು ಮರಗಟ್ಟುತ್ತವೆ, ಆಡಿಸುತ್ತಿರಿ ಎಂದು ವೈದ್ಯರು ಹೇಳಿದ್ದೇ ನೆಪವಾಯಿತು. ಪರದೆಯ ಮೇಲಿನ ಕಾರನ್ನು ನೇರ ರಸ್ತೆಗೆ ತಂದು ಕೈ ಬಿಡುತ್ತಾರೆ. ಕಾರು ತಾನಾಗಿ ವಾಲಿದರೆ ಜಾಯ್‌ಸ್ಟಿಕ್ ಕೆಟ್ಟಿದೆ ಎಂದರ್ಥ. ಈಗಲೂ ಒಂದು ವಾಲುತ್ತದೆ.

“ಇದು ನನ್ನ ಚಿಕ್ಕ ಮಗನ ಹಾಗಿದೆ ಕಣೇ,” ಎನ್ನುತ್ತಾರೆ ಸೊಸೆಗೆ. “ಕೈ ಬಿಟ್ಟರೆ ಸಾಕು, ತನ್ನ ದಾರಿ ತಾನು ಹಿಡಿಯತ್ತೆ.”

ಸೊಸೆ ನಗುವುದಿಲ್ಲ. ಅಂಗಡಿಗೆ ಗಡುವು ಇಟ್ಟವರು ಆ ಚಿಕ್ಕ ಮಗನೇ.

ನಗದಮ್ಮ ಮೊದಲು ದೊಡ್ಡದೊಂದು ಎಲೆಕ್ಟ್ರಾನಿಕ್ ಮಳಿಗೆಯಲ್ಲಿ ಹನ್ನೊಂದು ವರ್ಷ ಹಣ ಕಟ್ಟಿಸಿಕೊಳ್ಳುತ್ತಿದ್ದರು. ಅಲ್ಲಿ ಹಳೆಯ ಗೇಮ್ ಕೊಟ್ಟವರಿಗೆ ಸಿಗುತ್ತಿದ್ದುದು ಕೂಪನ್ ಮಾತ್ರ. ಅದನ್ನು ಅದೇ ಮಳಿಗೆಯಲ್ಲಿ ಖರ್ಚು ಮಾಡಬೇಕಿತ್ತು. ಒಮ್ಮೆ ಒಬ್ಬಾತ ಮಗುವಿನ ಜ್ವರಕ್ಕೆ ಔಷಧಿ ಕೊಳ್ಳಲೆಂದು ತನ್ನ ಆರು ಗೇಮ್ ತಂದ. ನಿಯಮದಂತೆ ನಗದಮ್ಮ ಕೂಪನ್ ಹರಿದು ಕೊಟ್ಟರು. ಆತ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮೇಜಿನ ಮೇಲೆಯೇ ಬಿಟ್ಟುಹೋದ.

“ಕೂಪನ್ ತೋರಿಸಿದ್ರೆ ಔಷಧಿ ಅಂಗಡಿಯವನು ಮಾತ್ರೆ ಕೊಡ್ತಾನಾ?” ಎಂದು ಕೇಳುತ್ತಾರೆ ನಗದಮ್ಮ. “ಗೇಮ್ ಮಾರೋಕೆ ಬರೋರೆಲ್ಲ ಆಟ ಸಾಕಾಗಿ ಬರಲ್ಲ. ಅರ್ಧ ಜನ ಕೈ ಕಟ್ಟಿಹೋಗಿ ಬರ್ತಾರೆ.”

ಮೂರು ವರ್ಷದ ಹಿಂದೆ ಮಳಿಗೆ ಅವರನ್ನು ಕೆಲಸದಿಂದ ತೆಗೆಯಿತು. ಗಂಡ ಲಾರಿ ಚಾಲಕರು. ಅವರ ದುಡಿಮೆ ಮನೆ ಬಾಡಿಗೆಗೂ ಮಗಳ ಓದಿಗೂ ಸರಿಹೋಗುತ್ತಿತ್ತು. ಬಂಡವಾಳ ಕೊಟ್ಟವರು ಅತ್ತೆ: ಒಂದು ಲಕ್ಷ ಇಪ್ಪತ್ತು ಸಾವಿರ. ತಾಯಿಯ ಗಂಟು ಗುಜರಿಗೆ ಸುರಿಯುವುದು ಮೈದುನನಿಗೆ ಒಪ್ಪಿಗೆಯಾಗಲಿಲ್ಲ. ರಟ್ಟಿನ ಪೆಟ್ಟಿಗೆಗಳ ಗೋದಾಮು ನಡೆಸುವ ಅವರು ಎಲ್ಲರ ಎದುರು ಷರತ್ತು ಹಾಕಿದರು. ಮೂರು ವರ್ಷದೊಳಗೆ ಪೂರ್ತಿ ಹಣ ನಗದಾಗಿ ಬರಬೇಕು. ಒಂದು ಕಾಸು ಉಳಿದರೂ ಅಂಗಡಿ ಮುಚ್ಚಿ ಅತ್ತಿಗೆ ಗೋದಾಮಿನ ಲೆಕ್ಕ ಬರೆಯಲು ಬರಬೇಕು. ನಗದಮ್ಮ ಒಪ್ಪಿಕೊಂಡರು. ಅತ್ತೆಯೂ ಒಂದು ಮಾತು ಸೇರಿಸಿದರು: ಕೊಟ್ಟಿದ್ದು ಸಾಲ, ದಾನವಲ್ಲ.

ಈಗ ಉಳಿದಿರುವ ಏಳೂವರೆ ಸಾವಿರದಲ್ಲಿ ಕೈಯಲ್ಲಿರುವುದು ಮೂರು ಸಾವಿರ. ಕಪಾಟಿನ ಡಬ್ಬಿಯಲ್ಲಿ ಬೇರೆ ಹತ್ತು ಸಾವಿರವಿದೆ. ಅದನ್ನು ಅವರು ಮುಟ್ಟುವುದಿಲ್ಲ. ಮಾರಲು ಬಂದವರಿಗೆ ಕೊಡುವ ಹಣವದು. “ಅದು ಖಾಲಿಯಾದ ದಿನ ಹೊರಗಿನ ಬೋರ್ಡು ಸುಳ್ಳಾಗತ್ತೆ,” ಎನ್ನುತ್ತಾರೆ. ಬೋರ್ಡಿನ ಮೇಲಿರುವುದು ಎರಡೇ ಪದ: ತಕ್ಷಣ ನಗದು.

ಹತ್ತು ಗಂಟೆಗೆ ನಿವೃತ್ತ ಗುಮಾಸ್ತರೊಬ್ಬರು ಮೊಮ್ಮಗನ ಹೊಸ ಗೇಮ್ ಮೆಷಿನ್ ಹೊತ್ತು ಬರುತ್ತಾರೆ. ಅದರೊಳಗೆ ಇಂಟರ್ನೆಟ್ಟಿನಿಂದ ಕೊಂಡ ಇಪ್ಪತ್ತು ಗೇಮ್‌ಗಳಿವೆ, ಅವನ್ನಷ್ಟೇ ಮಾರಿ ಮೆಷಿನ್ ಉಳಿಸಿಕೊಳ್ಳಬೇಕು ಎಂಬುದು ಅವರ ಲೆಕ್ಕ. ಹಾಗೆ ಆಗುವುದಿಲ್ಲವೆಂದು ನಗದಮ್ಮ ತಿಳಿಸಿ ಹೇಳುತ್ತಾರೆ. ಕೈಗೆ ಸಿಗುವ ಡಿಸ್ಕ್ ಇದ್ದರೆ ಮಾತ್ರ ಗೇಮನ್ನು ಇನ್ನೊಬ್ಬರಿಗೆ ಮಾರಬಹುದು. ಡಿಸ್ಕ್ ಹಾಕುವ ಬಾಯಿಯೇ ಇಲ್ಲದ ಇಂಥ ಮೆಷಿನ್‌ಗಳು ವರ್ಷವರ್ಷಕ್ಕೆ ಹೆಚ್ಚುತ್ತಿವೆ. ಅಷ್ಟರಮಟ್ಟಿಗೆ ಈ ಅಂಗಡಿಯ ಸರಕು ಕಡಿಮೆಯಾಗುತ್ತಿದೆ. ಗುಮಾಸ್ತರು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತು, ನೀರು ಕುಡಿದು ಹೋಗುತ್ತಾರೆ.

ಹನ್ನೊಂದರ ಹೊತ್ತಿಗೆ ಒಬ್ಬ ಯುವಕ ಒಳ್ಳೆಯ ಮೆಷಿನ್ ತರುತ್ತಾನೆ. ಗೀರಿಲ್ಲ, ಧೂಳಿಲ್ಲ. ನಗದಮ್ಮ ಒಂಬತ್ತು ಸಾವಿರ ಹೇಳುತ್ತಾರೆ. ಅಂಥದ್ದೇ ಬೇಕೆಂದು ಶಾಲೆಯ ಮಾಸ್ತರರೊಬ್ಬರು ಹನ್ನೆರಡೂವರೆ ಸಾವಿರಕ್ಕೆ ಮಾತಾಡಿಟ್ಟಿದ್ದಾರೆ. ಇದೊಂದು ಕೈಗೂಡಿದರೆ ಭಾನುವಾರದ ವ್ಯಾಪಾರ ಸೇರಿ ಸಾಲ ತೀರುತ್ತದೆ. ಅತ್ತೆ ಆಟ ನಿಲ್ಲಿಸಿ ಇತ್ತ ನೋಡುತ್ತಾರೆ.

ಮೆಷಿನ್ ಹಚ್ಚಿದಾಗ ಪರದೆಯ ಮೇಲೆ ಬೇರೊಬ್ಬರ ಖಾತೆ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್ ಕೇಳಿದರೆ ಯುವಕ ಅಣ್ಣನದ್ದು ಎನ್ನುತ್ತಾನೆ. ಅಣ್ಣನಿಗೆ ಫೋನ್ ಮಾಡು ಎಂದರೆ ಅವನ ಫೋನ್ ಕೆಟ್ಟಿದೆ.

“ಬರೀ ಏಳು ಕೊಡಿ, ಅಕ್ಕಾ.”

“ನಿಂದೇ ಆಗಿದ್ರೆ ಒಂಬತ್ತು. ನಿಂದಲ್ಲದಿದ್ರೆ ಏಳೂ ಇಲ್ಲ, ಒಂದೂ ಇಲ್ಲ. ಅಣ್ಣನ್ನ ಕರ್ಕೊಂಡು ಬಾ, ಒಂಬತ್ತೇ ಕೊಡ್ತೀನಿ.”

ಅವನು ಮತ್ತೆ ಬರುವುದಿಲ್ಲ. ಮೊದಲ ವರ್ಷ ಇಂಥದ್ದೇ ಒಂದನ್ನು ಖಾತೆ ನೋಡದೆ ಹನ್ನೊಂದು ಸಾವಿರಕ್ಕೆ ಕೊಂಡಿದ್ದರಂತೆ. ಮೂರನೆಯ ದಿನ ಅದರ ನಿಜವಾದ ಒಡೆಯ ದೂರದಿಂದಲೇ ಅದಕ್ಕೆ ಬೀಗ ಹಾಕಿದ. ಆತನನ್ನು ಹುಡುಕಿ ಮೆಷಿನ್ ಹಿಂತಿರುಗಿಸಿದರು. ಹನ್ನೊಂದು ಸಾವಿರ ಹೋಯಿತು. ಆ ತಿಂಗಳು ಮೈದುನ ಎರಡು ಬಾರಿ ಅಂಗಡಿಗೆ ಬಂದು, ಗೋದಾಮಿನ ಕುರ್ಚಿಗೆ ಹೊಸ ಮೆತ್ತೆ ಹಾಕಿಸಿದ್ದೇನೆ ಎಂದು ತಿಳಿಸಿಹೋದರು.

ಶನಿವಾರದ ಖರ್ಚು ಕಳೆದು ಉಳಿದದ್ದು ಒಂಬೈನೂರು. ಭಾನುವಾರ ನಾಲ್ಕು ಗಂಟೆಯವರೆಗೆ ಆರುನೂರು. ಇನ್ನೂ ಮೂರು ಸಾವಿರ ಬೇಕು. ಕಪಾಟಿನ ಡಬ್ಬಿ ಹಾಗೆಯೇ ಇದೆ. ಅತ್ತೆ ಮನೆಗೆ ಹೋಗಿದ್ದಾರೆ. ನಗದಮ್ಮ ಹಿಂಗೋಡೆಯತ್ತ ಒಮ್ಮೆ ನೋಡಿ, ಪರೀಕ್ಷೆಯ ಮೆಷಿನ್ನಿನ ತಂತಿ ಬಿಚ್ಚುತ್ತಾರೆ. ಕಾರಿನ ಡಿಸ್ಕನ್ನೂ ಅದರ ಜೊತೆಗಿಟ್ಟು, ಬೇಕರಿಯವನ ಮಗಳಿಗೆ ಮೂರು ಸಾವಿರದ ಇನ್ನೂರಕ್ಕೆ ಮಾರುತ್ತಾರೆ. ಕೊಳ್ಳುವ ಮೊದಲು ಆಕೆಯ ಎದುರಿಗೇ ಓಡಿಸಿ ತೋರಿಸುತ್ತಾರೆ. ಕೈ ಬಿಟ್ಟಾಗ ಕಾರು ನೇರವಾಗಿಯೇ ಹೋಗುತ್ತದೆ.

ಸಂಜೆ ಆರಕ್ಕೆ ಮನೆಯ ಊಟದ ಮೇಜಿನ ಮೇಲೆ ಏಳೂವರೆ ಸಾವಿರ ಇಡುತ್ತಾರೆ. ಮೈದುನ ಎರಡು ಸಲ ಎಣಿಸುತ್ತಾರೆ.

“ಎಲ್ಲಿಂದ ತಂದ್ರಿ, ಅತ್ತಿಗೆ? ಯಾರ ಹತ್ರ ಸಾಲ ಮಾಡಿದ್ರಿ?”

“ಸಾಲ ಅಲ್ಲ. ಅತ್ತೆ ಆಡ್ತಿದ್ದ ಮೆಷಿನ್ ಮಾರಿದೆ.”

ಮೈದುನ ನೋಟುಗಳನ್ನು ಜೋಡಿಸಿ ತಾಯಿಯ ಮುಂದಿಟ್ಟು, ಲೆಕ್ಕ ಸರಿಯಾಗಿದೆ ಎಂದು ಒಪ್ಪಿಕೊಳ್ಳುತ್ತಾರೆ. ಗೋದಾಮಿನ ಕುರ್ಚಿಗೆ ಬೇರೆಯವರನ್ನು ನೋಡಿಕೊಳ್ಳಬೇಕಷ್ಟೆ ಎಂದು ತಾವೇ ಸಣ್ಣಗೆ ನಗುತ್ತಾರೆ.

ಅತ್ತೆ ಮೂರನೆಯ ಸಲ ಎಣಿಸುತ್ತಾರೆ. ಅವರ ಬೆರಳುಗಳಿಗೆ ಹೊತ್ತು ಹಿಡಿಯುತ್ತದೆ. ಎಣಿಸಿ ಮುಗಿದ ಮೇಲೆ ನಾಲ್ಕು ಸಾವಿರ ಬೇರೆ ಮಾಡಿ ಸೊಸೆಯತ್ತ ದೂಡುತ್ತಾರೆ.

“ನಾಳೆ ಬರೋ ಜಾಯ್‌ಸ್ಟಿಕ್‌ಗಳನ್ನ ಯಾತರಲ್ಲಿ ನೋಡೋದು ನಾನು? ಒಂದು ಮೆಷಿನ್ ತಗೋ. ಇದೂ ಸಾಲವೇ, ದಾನ ಅಂದ್ಕೋಬೇಡ.”

“ಗಡುವು, ಅತ್ತೆ?”

ಅತ್ತೆ ಚಿಕ್ಕ ಮಗನ ಕಡೆಗೆ ನೋಡುವುದಿಲ್ಲ. “ಈ ಸಲ ನೀನೇ ಹೇಳು.”

ನಗದಮ್ಮ ಲೆಕ್ಕ ಹಾಕಿ, ಮಾರ್ಚ್ ಕೊನೆ ಎನ್ನುತ್ತಾರೆ. ಹಳೆಯ ಸಾಲ ಚುಕ್ತಾ. ಬಾಕಿ, ನಾಲ್ಕು ಸಾವಿರ.