ಅತ್ತೆಯ ಕಿವಿ

ಅತ್ತೆ ತೀರಿಕೊಂಡು ಮೂರು ತಿಂಗಳಾಯಿತು. ಬಾಗಲೂರಿನ ಹತ್ತಿರದ ಅವರ ಊರಿನಲ್ಲಿ ಈಗಲೂ ಅವರ ಮಾತು ಬಂದರೆ, ಪಾಪ, ಕೊನೆಕೊನೆಗೆ ಕಿವಿ ಕೇಳುತ್ತಿರಲಿಲ್ಲ ಎನ್ನುತ್ತಾರೆ. ಅವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಅದು ಗೊತ್ತಿರುವುದು ನನಗೆ ಮತ್ತು ನನ್ನ ಗಂಡನಿಗೆ ಮಾತ್ರ.

ನನ್ನ ತವರು ಮಾಲೂರಿನ ಕಡೆ. ಮದುವೆಯಾದ ಮೇಲೆ ಹೊಸೂರಿನ ಮೂಕಂಡಪಲ್ಲಿಯಲ್ಲಿ ಬಾಡಿಗೆ ಮನೆ ಮಾಡಿದೆವು. ಇಬ್ಬರಿಗೂ ಫ್ಯಾಕ್ಟರಿ ಕೆಲಸ, ಬೇರೆ ಬೇರೆ ಶಿಫ್ಟು. ಎರಡು ವರ್ಷ ಕಾದು, ಮಕ್ಕಳಾಗಲಿಲ್ಲವೆಂದು ಹೊಸೂರಿನಲ್ಲೇ ಒಬ್ಬ ಡಾಕ್ಟರ ಹತ್ತಿರ ಹೋದೆವು. ಮುಟ್ಟಾದ ಎರಡನೇ ದಿನದಿಂದ ಮಾತ್ರೆ, ಹನ್ನೊಂದನೇ ದಿನ ಸ್ಕ್ಯಾನ್, ಆಮೇಲೆ ಇಂಜೆಕ್ಷನ್, ಆಮೇಲೆ ಎರಡು ವಾರ ಕಾಯುವುದು. ಫ್ಯಾಕ್ಟರಿಯಲ್ಲಿ ನನ್ನ ಕೆಲಸ ಯಂತ್ರಗಳಿಗೆ ಹಾಕುವ ರಬ್ಬರ್ ಬಳೆಗಳಲ್ಲಿ ಸೀಳು ಇದೆಯೇ ಎಂದು ನೋಡುವುದು. ಕಾಯುವ ಎರಡು ವಾರ ಕಣ್ಣು ಬಳೆಯ ಮೇಲೆ ಇರುತ್ತಿತ್ತು, ಮನಸ್ಸು ಕಿಬ್ಬೊಟ್ಟೆಯಲ್ಲಿ. ಸೀಳಿದ ಬಳೆಗಳು ಒಳ್ಳೆಯ ಡಬ್ಬಿಗೆ ಹೋಗುತ್ತಿದ್ದವು. ಡಾಕ್ಟರು ಪ್ರತಿ ಸಲ ತಮಿಳಿನಲ್ಲಿ, “ಟೆನ್ಷನ್ ಆಗಾದೀಂಗಮ್ಮಾ” ಎನ್ನುತ್ತಿದ್ದರು. ಟೆನ್ಷನ್ ಮಾಡಿಕೊಳ್ಳದೆ ಇರುವುದು ಹೇಗೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಾತ್ರೆ, ಸೂಜಿ ನನಗೆ ಕಷ್ಟವಾಗಿರಲಿಲ್ಲ. ಅತ್ತೆಯ ಊರಿಗೆ ಹೋದಾಗ ಬಸ್ಸಿಳಿದು ಮನೆ ತಲುಪುವುದರೊಳಗೆ ನಾಲ್ಕು ಜನ, “ಏನಮ್ಮಣ್ಣಿ, ಇನ್ನೂ ಏನಿಲ್ವಾ?” ಎಂದು ಕೇಳುತ್ತಿದ್ದರಲ್ಲ, ಅದನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ. ಓವರ್‌ಟೈಮ್ ಇದೆ ಎಂದು ಸುಳ್ಳು ಹೇಳಿ ಊರಿಗೆ ಹೋಗುವುದನ್ನೇ ಬಿಟ್ಟೆ. ಈ ಬೇಸಿಗೆ ಮುಗಿಯಲಿ, ಚಿಕಿತ್ಸೆಯನ್ನೂ ಬಿಟ್ಟುಬಿಡೋಣ ಎಂದು ಗಂಡನಿಗೆ ಹೇಳಿದೆ. ಅವನು ನೋಡೋಣ ಅಂದ.

ಆ ಬೇಸಿಗೆಯಲ್ಲಿ ಓನರ್ ಮನೆಯ ಬೋರಿನ ಮೋಟರು ಸುಟ್ಟುಹೋಯಿತು. ನಾಲ್ಕು ದಿನ ನಲ್ಲಿಯಲ್ಲಿ ನೀರಿಲ್ಲ. ಅತ್ತೆ ತೋಟದಿಂದ ಫೋನ್ ಮಾಡಿದರು. ಗಾಳಿಯ ಸದ್ದು.

“ಎಂಗಿದ್ದೀಯಮ್ಮಣ್ಣಿ?”

“ಎಂಗಿರಾದು ಅತ್ತೆ, ನೀರು ನಿಂತೋಗೈತೆ. ಇವತ್ತಿಗೆ ನಾಕು ದಿನ ಆಯ್ತು.”

ಅತ್ತೆ ಮರೆಗೆ ಹೋದರೇನೋ, ಗಾಳಿಯ ಸದ್ದು ನಿಂತಿತು. ಆಮೇಲೆ ಮೆಲ್ಲಗೆ, “ನಾಕೇ ದಿನಾನ? ಇನ್ನೂ ಯಾರ್ಗೂ ಹೇಳ್ಬೇಡ” ಅಂದರು. ಓನರಮ್ಮನ ಕಿವಿಗೆ ಬಿದ್ದರೆ ಮನೆ ಖಾಲಿ ಮಾಡಿ ಅಂದಾರು ಎಂಬ ಭಯವೇನೋ ಎಂದುಕೊಂಡೆ. “ನೀನು ಬಿಂದ್ಗೆ ಎತ್ಬೇಡ. ಅವನ್ಗೇ ಹೊರ್ಸು. ಗಂಡ್ಸು, ಹೊರ್ಲಿ” ಅಂದರು. ಸ್ವಂತ ಮಗನಿಗೆ ನೀರು ಹೊರಿಸು ಎನ್ನುವ ಅತ್ತೆ ಎಷ್ಟು ಜನಕ್ಕೆ ಸಿಗುತ್ತಾರೆ ಎಂದು ನನಗೆ ಸಂತೋಷವಾಯಿತು.

ನಮ್ಮ ಕಡೆ ಬಸುರಿ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ತಿಂಗಳ ತಲೆಸ್ನಾನದ ನೀರನ್ನು ಲೆಕ್ಕಕ್ಕಿಟ್ಟುಕೊಂಡು, ನೀರು ನಿಂತಿದೆ ಎನ್ನುತ್ತಾರೆ. ಈ ಮಾತು ನಾನು ಚಿಕ್ಕಂದಿನಿಂದ ಕೇಳಿದ್ದೆ. ಮೂಕಂಡಪಲ್ಲಿಯಲ್ಲಿ ನೀರೆಂದರೆ ನಲ್ಲಿಯ ನೀರು ಮಾತ್ರವಾಗಿ, ಅದು ಮರೆತೇ ಹೋಗಿತ್ತು.

ಭಾನುವಾರ ಅತ್ತೆ ಬಂದರು. ಚೀಲದಲ್ಲಿ ತುಪ್ಪ, ರಾಗಿ ಹುರಿಹಿಟ್ಟು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಾಕಡ ಮಲ್ಲಿಗೆ ಮೊಗ್ಗು. ಅವರ ತೋಟದ್ದೇ ಹೂವು. ನನ್ನನ್ನು ಬಗ್ಗಲು ಬಿಡಲಿಲ್ಲ. ಪಾತ್ರೆ ತಾವೇ ತೊಳೆದರು. ಗಂಡ ಶಿಫ್ಟಿಗೆ ಹೋಗಿದ್ದ. ಊಟಕ್ಕೆ ಕೂತಾಗ ಅತ್ತೆ, “ಹಿತ್ಲು ಪರಂಗಿ ಗಿಡ ಕಡ್ದಾಕ್ಬುಟ್ಟೆ ಕಣಮ್ಮಣ್ಣಿ” ಅಂದರು.

“ಯಾಕತ್ತೆ? ಕಾಯಿ ಬಿಟ್ಟಿತ್ತಲ್ಲ.”

“ಅದ್ಕೇಯ. ಬಂದಾಗ ಮರ್ತು ಒಂದು ಹೋಳು ಬಾಯ್ಗೆ ಹಾಕ್ಕಂಡ್ಬುಟ್ರೆ?”

ಆಗ ಎಲ್ಲ ಅರ್ಥವಾಯಿತು. ಹೇಳಬೇಕಾದದ್ದು ಎರಡು ಮಾತು. ಹೇಳಲಿಲ್ಲ. ಅನ್ನ ಕಲಸಿಕೊಂಡು ಉಂಡೆ. ಅತ್ತೆ ತಲೆಗೆ ಎಣ್ಣೆ ಹಚ್ಚಿದರು, ಹೂ ಕಟ್ಟಿ ಮುಡಿಸಿದರು. ಸಂಜೆಯವರೆಗೆ ನಾನು ಬಸುರಿಯಾಗಿಯೇ ಇದ್ದೆ. ಆ ವರ್ಷವೆಲ್ಲ ಅಷ್ಟು ಹಗುರವಾಗಿ ಕಳೆದ ದಿನ ಇನ್ನೊಂದಿಲ್ಲ. ಹಾಗೆ ಒಪ್ಪಿಕೊಳ್ಳುವುದಕ್ಕೆ ಈಗ ನಾಚಿಕೆಯಿಲ್ಲ.

ಬಸ್ ಸ್ಟಾಪಿನಲ್ಲಿ ಹೇಳಿದೆ. “ಅತ್ತೆ, ನಾನು ಹೇಳಿದ್ದು ನಲ್ಲಿ ನೀರು.”

ಅವರು ನನ್ನ ಮುಖ ನೋಡಿದರು. “ನಲ್ಲಿ ನೀರಾ?”

“ಹೂಂ. ಮೋಟ್ರು ಸುಟ್ಟೋಗಿತ್ತು.”

ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಾರೆಂದುಕೊಂಡೆ. ಅವರು ನಗುತ್ತಿದ್ದರು. ಪಕ್ಕದಲ್ಲಿ ನಿಂತವರು ತಿರುಗಿ ನೋಡುವಷ್ಟು ನಕ್ಕರು. ನನಗೂ ನಗು ಬಂತು. ಕಣ್ಣು ಒರೆಸಿಕೊಂಡು, “ನಮ್ ವಾರಗಿತ್ತಿಗೆ ಹೇಳ್ಬುಟ್ಟಿದ್ದೀನಲ್ಲೇ. ಅವ್ಳಿಗೆ ಹೇಳೋದೂ ಒಂದೇ, ಮೈಕಲ್ಲಿ ಕೂಗ್ಸೋದೂ ಒಂದೇ” ಅಂದರು. ಬಸ್ಸು ಬಂತು. ಹತ್ತುವಾಗ, “ನಾನ್ ನೋಡ್ಕಂತೀನಿ ಬುಡು” ಅಂದರು.

ಹೇಗೆ ನೋಡಿಕೊಂಡರು ಎಂಬುದನ್ನು ಗಂಡ ಊರಿಗೆ ಹೋಗಿ ಬಂದು ಹೇಳಿದ. ಮೋಟರು ಸುಟ್ಟಿದ್ದನ್ನು ಅವನೇ ಮಾತಿಗೆ ಹೇಳಿದನಂತೆ. ಅತ್ತೆಯ ವಾರಗಿತ್ತಿ, ಅಂದರೆ ನನ್ನ ಚಿಕ್ಕತ್ತೆ, ಹೂ ಬಿಡಿಸುವವರ ಮುಂದೆ, “ಏನಕ್ಕ, ನಿನ್ ಸೊಸೆ ಬಸ್ರಲ್ವಂತೆ, ನಿಂತಿದ್ದು ನಲ್ಲಿಯಂತೆ?” ಎಂದು ಕೇಳಿದ್ದಾಳೆ.

ಅತ್ತೆ, “ಹಲ್ಲೀನಾ? ಎಲ್ಲಿ ಬಿತ್ತು, ಎಡಕ್ಕೋ ಬಲಕ್ಕೋ?” ಅಂದರಂತೆ.

“ಹಲ್ಲಿಯಲ್ಲಕ್ಕ, ನಲ್ಲಿ.”

“ತಲೆ ಮೇಲೆ ಬಿದ್ರೆ ಒಳ್ಳೇದಲ್ಲ. ಮನ್ಗೋಗಿ ತಣ್ಣೀರು ಹಾಕ್ಕ.”

ಫೋನಿನಲ್ಲಿ ಸೊಸೆ ಹೇಳಿದ್ದು ಸರಿಯಾಗಿ ಕೇಳಿಸದೇ ಇದೆಲ್ಲ ಆಯಿತು, ಪಾಪ ಅಕ್ಕನಿಗೆ ಕಿವಿ ಹೋಗಿದೆ ಎಂದು ಚಿಕ್ಕತ್ತೆಯೇ ಊರಿಗೆಲ್ಲ ಹೇಳಿದಳು. ಅಲ್ಲಿಂದ ಎರಡು ವರ್ಷ ಅತ್ತೆಗೆ ಆ ಒಂದು ಪ್ರಶ್ನೆ ಕೇಳಿಸಲಿಲ್ಲ. ನಾನು ಮತ್ತೆ ಊರಿಗೆ ಹೋಗತೊಡಗಿದೆ. ಯಾರಾದರೂ ನನ್ನತ್ತ ತಿರುಗುವ ಮೊದಲೇ ಅತ್ತೆ ನಡುವೆ ಬರುತ್ತಿದ್ದರು. “ಮೊಗ ಆಯ್ತಾ?” ಎಂದರೆ, “ಮೊಗ್ಗಾ? ಹೊತ್ತಾರೇನೆ ಬುಡ್ಸಿ ಕಳ್ಸುದ್ವಿ” ಎನ್ನುತ್ತಿದ್ದರು. ಕಿವುಡರ ಹತ್ತಿರ ಅದೇ ಮಾತನ್ನು ಮೂರು ಸಲ ಕೂಗಿ ಕೇಳುವುದಕ್ಕೆ ಜನರಿಗೂ ಸಂಕೋಚ. ಬಿಟ್ಟುಬಿಟ್ಟರು. ಮನೆಯೊಳಗೆ ನಾನು ಗಂಡನ ಹತ್ತಿರ ಪಿಸುಗುಟ್ಟಿದರೂ ಅವರು ಹೊರಗಿನಿಂದ ಉತ್ತರ ಕೊಡುತ್ತಿದ್ದರು.

ಕಷ್ಟವಾಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ.

“ಮೊದ್ಲು ಆಯ್ತದೆ. ಆಮ್ಯಾಕೆ ಅಭ್ಯಾಸ ಆಯ್ತದೆ” ಅಂದರು.

ಚಿಕಿತ್ಸೆ ಬಿಡುವ ಮಾತು ನಾನು ಮತ್ತೆ ಎತ್ತಲಿಲ್ಲ. ಮಧ್ಯೆ ಹಣ ಸಾಲದ ತಿಂಗಳು ನಿಲ್ಲಿಸಿದೆವು, ಮತ್ತೆ ಶುರು ಮಾಡಿದೆವು. ಫಲ ಸಿಗಲಿಲ್ಲ. ಆದರೆ ಕಾಯುವ ಎರಡು ವಾರ ಕಾಯುವುದಷ್ಟೇ ಆಯಿತು. ಸೀಳಿದ ಬಳೆಗಳು ನನ್ನ ಕಣ್ಣು ತಪ್ಪಿಸುವುದು ಕಡಿಮೆಯಾಯಿತು.

ಈ ವರ್ಷ ಒಂದು ಬೆಳಿಗ್ಗೆ ಅತ್ತೆ ತೋಟದಲ್ಲಿ ಎದೆನೋವು ಎಂದು ಕೂತರಂತೆ. ಆಸ್ಪತ್ರೆ ಮುಟ್ಟುವ ಮೊದಲೇ ಹೋದರು. ಆಗ ನನ್ನ ಕಾಯುವ ಎರಡು ವಾರ ಮುಗಿದಿತ್ತು. ಮೂರು ದಿನ ತಡವೂ ಆಗಿತ್ತು. ಅದು ಅವರಿಗೆ ಗೊತ್ತಿರಲಿಲ್ಲ. ಇನ್ನೆರಡು ದಿನ ನೋಡಿ ಹೇಳೋಣ ಎಂದುಕೊಂಡಿದ್ದೆ.

ಹನ್ನೊಂದನೇ ದಿನದ ಕಾರ್ಯದ ಬೆಳಿಗ್ಗೆ ಹೊರಗಾದೆ. ಆ ಊರಿನಲ್ಲಿ ಹೊರಗಾದವಳು ಕಾರ್ಯದ ಮನೆಯೊಳಗೆ ಕಾಲಿಡುವಂತಿಲ್ಲ. ಹಿರಿಸೊಸೆ ನಾನೇ, ಎಡೆ ಇಡಬೇಕಾದವಳೂ ನಾನೇ. ಎದುರು ಮನೆಯ ಜಗಲಿಯ ಮೇಲೆ ಕೂತೆ. ಬಂದವರೆಲ್ಲ ನನ್ನನ್ನು ನೋಡಿಕೊಂಡೇ ಒಳಗೆ ಹೋದರು. ನಾನು ಅಲ್ಲಿ ಕೂತಿರುವುದೇ ಸುದ್ದಿಯಾದ್ದರಿಂದ ಯಾರೂ ಏನೂ ಕೇಳಬೇಕಾಗಿರಲಿಲ್ಲ.

ಎಲ್ಲರ ಊಟವಾದ ಮೇಲೆ ಚಿಕ್ಕತ್ತೆ ಎಲೆ ತಂದು ಮುಂದೆ ಹಾಸಿ, ಮುಟ್ಟದಂತೆ ಮೇಲಿನಿಂದ ಮುದ್ದೆ, ಸಾರು ಹಾಕಿದಳು. ಅಲ್ಲೇ ನಿಂತು ಕೇಳಿದಳು.

“ಈ ಸತಿನೂನಾ?”

“ಹೂಂ ಚಿಕ್ಕತ್ತೆ. ಈ ಸತಿ ದಿನ ಮೀರಿತ್ತು. ಆಗೈತೆ ಅಂತಿದ್ದೆ.”

ಆ ಊರಿನಲ್ಲಿ ಆ ಪ್ರಶ್ನೆಗೆ ನಾನು ಉತ್ತರ ಕೊಟ್ಟದ್ದು ಅದೇ ಮೊದಲು. ಒಳಗೆ ಯಾರೋ ಚಿಕ್ಕತ್ತೆಯನ್ನು ಕರೆದರು. ಅವಳು ಹೋಗಲಿಲ್ಲ. ಸಾರಿನ ಪಾತ್ರೆ ಪಕ್ಕಕ್ಕಿಟ್ಟು ಜಗಲಿಯ ಮೇಲೆ, ನನಗೆ ತಾಗುವಷ್ಟು ಹತ್ತಿರ ಕೂತಳು.

“ಒಳಗ್ ಕರೀತಾವ್ರೆ” ಅಂದೆ.

“ಕರೀಲಿ. ಇನ್ನೊಸಿ ಸಾರು ಹಾಕ್ಲಾ?”

“ಹಾಕಿ” ಅಂದೆ.