ತಂಬಿಗೆಯ ಮೇಲೊಂದು ತಂಬಿಗೆ

ಉಮರ್ಗಾದಲ್ಲಿ ನಾನು ಹೊಕ್ಕ ಮನೆಗಳಲ್ಲೆಲ್ಲ ಗೋಡೆಯ ಗೂಡಿನಲ್ಲಿ ಒಂದು ತಂಬಿಗೆಯ ಮೇಲೆ ಇನ್ನೊಂದು ತಂಬಿಗೆ ಬೋರಲಾಗಿ, ಬೀಳಲೋ ಬೇಡವೋ ಎಂಬಂತೆ ಓರೆಯಾಗಿ ನಿಂತಿತ್ತು. ಕಂಡದ್ದಕ್ಕೆಲ್ಲ ಭಾಷ್ಯ ಬರೆಯುವ ಚಪಲ ಪರದೇಶಕ್ಕೆ ಹೋದ ಪ್ರವಾಸಿಗೆ ಸಹಜವಷ್ಟೆ. ಇದು ಈ ಸೀಮೆಯ ಗೃಹಾಲಂಕಾರವೆಂದು ನಾನೂ ಮನಸ್ಸಿನಲ್ಲೇ ಷರಾ ಬರೆದುಕೊಂಡೆ.

ಪರದೇಶವೆಂದೆನೆಂದು ನಗಬೇಡಿ. ಶ್ರೀರಂಗಪಟ್ಟಣ ದಾಟಿದರೇ ಸಮುದ್ರೋಲ್ಲಂಘನವೆಂದು ಭಾವಿಸುವ ನನ್ನಂಥ ಮೈಸೂರಿಗನಿಗೆ, ಅಂಗಡಿಗಳ ಹಲಗೆಯಲ್ಲಿ ಲಿಪಿ ಬದಲಾಗಿ, ಬಸ್ಸಿನ ಕಂಡಕ್ಟರು ಕನ್ನಡದಲ್ಲಿ ತೊಡಗಿದ ವಾಕ್ಯವನ್ನು ಮರಾಠಿಯಲ್ಲಿ ಮುಗಿಸಿದಾಗ ವಿದೇಶಯಾತ್ರೆಯ ಪುಲಕವೇ ಆಯಿತು. ಉದಗೀರ, ನಿಲಂಗಾಗಳನ್ನು ಹಾದು, ಬಿಸಿಲಿನಲ್ಲಿ ತೇಲುತ್ತಿದ್ದ ಉತ್ತ ಕರಿಹೊಲಗಳನ್ನು ಅರೆನಿದ್ದೆಯಲ್ಲಿ ನೋಡುತ್ತ, ಯಾವುದು ಕನಸು ಯಾವುದು ದಾರಿ ಎಂದು ತಿಳಿಯದೆ ಬಂದಿಳಿದಿದ್ದೆ.

ಚಿಕ್ಕಪ್ಪನ ಮಗಳು ಶಾಂತಾಳನ್ನು ಇಲ್ಲಿಯ ಬಟ್ಟೆ ವ್ಯಾಪಾರಿಗಳ ಮನೆಗೆ ಕೊಟ್ಟಿದೆ. ಹೊಸದಾಗಿ ಕಟ್ಟಿದ ತಗಡಿನ ಚಾವಣಿಯ ಮನೆ; ಆದರೆ ಆಕೆಯ ಅತ್ತೆ ಗಂಗಾಬಾಯಿಯವರ ಹಾಸಿಗೆ ಅಂಗಳದ ಬೇವಿನಡಿ. ಇಲ್ಲಿಯವರು ಪಾತ್ರೆಗಳಿಗಾಗಿ ಮನೆ ಕಟ್ಟುತ್ತಾರೆಂದು ಎರಡನೆಯ ಷರಾ ಬರೆಯುವಷ್ಟರಲ್ಲಿ ಶಾಂತಾ ನನ್ನ ಲೇಖನಿ ಕಿತ್ತುಕೊಂಡಳು. ಭೂಕಂಪದಲ್ಲಿ ಹಳೆಯ ಮನೆ ಕುಸಿದಂದಿನಿಂದ ಅತ್ತೆ ಸೂರಿನ ಕೆಳಗೆ ಕಣ್ಣು ಮುಚ್ಚಿಲ್ಲವಂತೆ. ಕಳೆದ ಮಳೆಗಾಲವನ್ನು ಬೇವಿಗೆ ಬಿಗಿದ ತಾಡಪತ್ರಿಯ ಕೆಳಗೆ ಕೆಮ್ಮುತ್ತಲೇ ಕಳೆದರಂತೆ. "ಈ ಸಲ ಮಳಿ ಬರೂದ್ರಾಗ ಒಳಗ ಬರಲಿಲ್ಲಂದ್ರ ಅತ್ತಿ ಉಳೀಯಂಗಿಲ್ಲಣ್ಣಾ," ಎಂದು ಅತ್ತೆಮನೆಯ ಕನ್ನಡದಲ್ಲೇ ಹೇಳಿ ಕಣ್ಣೊರೆಸಿಕೊಂಡಳು. ನನಗೆ ನನ್ನ ಷರಾಗಳ ಬಗ್ಗೆ ನಾಚಿಕೆಯಾಯಿತು.

ಆ ಮಧ್ಯಾಹ್ನ, ಬೀಗರ ಮುಂದೆ ಸೊಸೆಯ ಮಾತು ತೆಗೆದುಹಾಕುವುದು ಸರಿಯಲ್ಲವೆಂದೋ ಏನೋ, ಗಂಗಾಬಾಯಿ ಒಳಗೆ ಮಲಗಲು ಒಪ್ಪಿದರು. ಮನೆಯೆಲ್ಲ ಜೋಂಪಿನಲ್ಲಿ ಮುಳುಗಿತು. ನನಗೆ ಬಾಯಾರಿತು. ಅಲಂಕಾರಕ್ಕಿಟ್ಟ ತಂಬಿಗೆಯಲ್ಲಿ ನೀರು ಕುಡಿದರೆ ತಪ್ಪೇನೆಂದು ಕೈ ಚಾಚಿದೆ. ಮೇಲಿನದು ಜಾರಿ ಠಣಠಣ ಎಂದು ನೆಲದುದ್ದಕ್ಕೂ ಉರುಳಿತು.

ಕ್ಷಣಾರ್ಧದಲ್ಲಿ ಮನೆ ಬರಿದಾಯಿತು. ಪಕ್ಕದ ಮನೆಯವರೂ ಬೀದಿಗೆ ಬಿದ್ದರು. ಕೆಡವಿದವನು ನಾನೇ ಎಂಬುದನ್ನು ಮರೆತು ನಾನೂ ಓಡಿದೆ, ಕೈಯಲ್ಲಿ ಕೆಳಗಿನ ತಂಬಿಗೆ! ನೆಲ ನಡುಗಿದರೆ ಮೊದಲು ಬಿದ್ದು ಕೂಗಬೇಕಾದ ಕಾವಲುಗಾರನೇ ಅದು ಎಂದು ಬೇವಿನಡಿ ನಿಂತ ಮೇಲೆ ತಿಳಿಯಿತು. ಶಾಂತಾಳ ಮುಖ ಬಿಳಿಚಿಕೊಂಡಿತ್ತು. ಇನ್ನು ಅತ್ತೆ ಒಳಗೆ ಕಾಲಿಟ್ಟ ಹಾಗೆಯೇ, ಎಲ್ಲ ಕೆಡಿಸಿದೆ ಎಂದು ನಾನು ತಲೆ ತಗ್ಗಿಸಿದೆ.

ಎಲ್ಲರಿಗಿಂತ ಮೊದಲು ಹೊರಬಂದಿದ್ದ ಗಂಗಾಬಾಯಿ ಏದುಸಿರು ಬಿಡುತ್ತ ನನ್ನ ಕೈಯ ತಂಬಿಗೆಯನ್ನು ನೋಡಿದರು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು.

"ಮಲಗಿದ್ರ ನನಗ ಎಚ್ಚರನೇ ಆಗಂಗಿಲ್ಲ, ಈ ಮೊಣಕಾಲು ಓಡಂಗಿಲ್ಲಂತ ಅಂಜಿಕಿ ಇತ್ತು ನೋಡ್ರಿ ಬೀಗ್ರ. ತಂಬಿಗಿ ಬಿತ್ತು, ನನಗ ಕೇಳಸ್ತು, ಎಲ್ಲಾರಕಿಂತ ಮದ್ಲ ನಾನೇ ಬಂದೀನಿ. ಏ ಶಾಂತಾ, ನನ್ನ ಹಾಸಗಿ ಒಳಗೇ ಇರಲಿ."

ಮರುದಿನ ಮಧ್ಯಾಹ್ನ ನಾನು ಹೊರಡುವ ಹೊತ್ತಿಗೆ ತಗಡಿನ ಮೇಲೆ ಮೊದಲ ಹನಿಗಳು ಪಟಪಟ ಬಿದ್ದವು. ಒಳಗಿನಿಂದ ಗಂಗಾಬಾಯಿಯವರ ಗೊರಕೆ ಕೇಳುತ್ತಿತ್ತು. ಗೂಡಿನಲ್ಲಿ ತಂಬಿಗೆಯ ಮೇಲೆ ತಂಬಿಗೆ, ನಿನ್ನೆಗಿಂತ ತುಸು ಹೆಚ್ಚೇ ಓರೆಯಾಗಿ ನಿಂತಿತ್ತು. ಉಸಿರು ಬಿಗಿಹಿಡಿದು, ತುದಿಗಾಲಿನಲ್ಲಿ ಅದರ ಮುಂದೆ ಹಾದು, ಮಳೆಯಲ್ಲಿ ನೆನೆಯುತ್ತ ಬಸ್ಸಿಗೆ ನಡೆದೆ.