ಹೆಸರು ಹಿಡಿದು ಮಾಡಿದ ಪ್ರಾರ್ಥನೆ

ಶಹಾಪುರದ ನಮ್ಮ ಚರ್ಚಿನ ಸಭೆಯಲ್ಲಿ ಶುಕ್ರವಾರ ಹೆಂಗಸರ ಕೂಟ. ಒಂದೊಂದು ವಾರ ಒಬ್ಬೊಬ್ಬರ ಮನೆಯಲ್ಲಿ ಚಾಪೆ ಹಾಸಿ ಕೂರುತ್ತೇವೆ. ತಮ್ಮ ತಮ್ಮ ಪ್ರಾರ್ಥನಾ ವಿಷಯ ಹೇಳಿಕೊಂಡ ಮೇಲೆ ಕಣ್ಣು ಮುಚ್ಚಿ ಅವನ್ನೆಲ್ಲ ದೇವರ ಮುಂದೆ ಇಡುವುದು ಪದ್ಧತಿ. ಓಣಿಯಲ್ಲಿ ಆಡಿದರೆ ಚಾಡಿ ಎನಿಸಿಕೊಳ್ಳುವ ಮಾತು ಅಲ್ಲಿ ಆಡಿದರೆ ಭಕ್ತಿ ಎನಿಸಿಕೊಳ್ಳುತ್ತದೆ. ಇದನ್ನು ಈಗ ಹೇಳುತ್ತೇನೆ. ಆಗ ನನಗೂ ಆ ಕೂಟವೇ ಜೀವ.

ಕೂಟ ನಡೆಸುತ್ತಿದ್ದವಳು ಅಕ್ಕ. ಒಡಹುಟ್ಟಿದವಳಲ್ಲ; ನಮ್ಮ ಓಣಿಯವಳು, ನನಗಿಂತ ಬಹಳ ದೊಡ್ಡವಳು. ಗಂಡನಿಗೆ ನೀರಾವರಿ ಇಲಾಖೆಯ ನೌಕರಿ ಇರುವತನಕ ನಾರಾಯಣಪುರದ ಕ್ವಾರ್ಟರ್ಸಿನಲ್ಲಿದ್ದು ಆಮೇಲೆ ಇಲ್ಲಿಗೆ ಬಂದಿದ್ದಳು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಗೋಗಿಯ ಶಾಲೆಗೆ ಪಾಠ ಹೇಳಲು ಹೋಗಿ ಬರುವಾಗ ಟಂಟಂನಲ್ಲಿ ಸೀಟಿಗಾಗಿ ಜಗಳ ತೆಗೆದು ಬಂದರೆ, ಅಕ್ಕ ಪಕ್ಕದಲ್ಲಿ ಕೂರಿಸಿಕೊಂಡು ಹೇಳುವಳು: "ಒಮ್ಮಿಗೇ ಯೇಸುಸ್ವಾಮಿಯಂಗ ಆಗು ಅಂತ ಯಾರೂ ಅನ್ನಂಗಿಲ್ಲವಾ. ಇವತ್ತ ಒಂದು ಮಾತು ನುಂಗು. ನಾಳಿ ಎರಡು ನುಂಗು." ನುಂಗುವುದನ್ನು ನಾನು ಕಲಿತದ್ದು ಅವಳಿಂದಲೇ, ಅದನ್ನು ಇಲ್ಲವೆನ್ನುವುದಿಲ್ಲ.

ನನಗೆ ಚಿಕ್ಕಂದಿನಿಂದ ಫಿಟ್ಸ್. ಗುಳಿಗೆಯ ಮೇಲೆ ಆರಾಮಾಗಿದ್ದೆ. ಮನೆಯವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಸುರಪುರದ ಒಂದು ವಿಶ್ವಾಸಿ ಕುಟುಂಬದಿಂದ ಸಂಬಂಧ ಬಂತು. ಹುಡುಗ ನೋಡಿ ಹೋದ, ನನ್ನ ಮನಸ್ಸಿಗೂ ಬಂದ. ಭಾನುವಾರ ಮತ್ತೆ ಬರುವವನಿದ್ದ. ಅಂದು ನನ್ನ ಬಾಯಿಂದಲೇ ಅವನಿಗೆ ಎಲ್ಲ ಹೇಳಬೇಕೆಂದು ಗಟ್ಟಿ ಮಾಡಿಕೊಂಡಿದ್ದೆ. ಒಲ್ಲೆ ಎನ್ನುವುದಾದರೆ ನನ್ನ ಮುಖ ನೋಡಿ ಅನ್ನಲಿ. ಧೈರ್ಯ ಸಾಲದೆ ಅಕ್ಕನ ಹತ್ತಿರ ಹೋಗಿ, ನೀನೊಬ್ಬಳೇ ಪ್ರಾರ್ಥನೆ ಮಾಡು, ಯಾರ ಮುಂದೂ ಬೇಡ ಎಂದೆ. ಆಗಲಿ ಎಂದು ನನ್ನ ತಲೆಯ ಮೇಲೆ ಕೈಯಿಟ್ಟಳು.

ಆ ಶುಕ್ರವಾರದ ಕೂಟ ಅವಳ ಮನೆಯಲ್ಲೇ. ಹುಡುಗನ ಸೋದರತ್ತೆ, ನಮ್ಮ ಸಭೆಯವಳೇ, ನನ್ನ ಎದುರಿಗೆ ಕೂತಿದ್ದಳು. ಅಕ್ಕ ಕಣ್ಣು ಮುಚ್ಚಿ ನನ್ನ ಹೆಸರು ಹಿಡಿದಳು. "ಕರ್ತನೇ, ಈ ನಿನ್ನ ಮಗಳಿಗೆ ಸಣ್ಣಾಕಿದ್ದಾಗಿಂದ ಮೂರ್ಛಿ ಬರ್ತದ. ಗುಳಿಗಿ ಮ್ಯಾಲೇ ನಡದಾಳ. ಲಗ್ನದ ಮುಂಚೆನೇ ಮುಟ್ಟಿ ವಾಸಿ ಮಾಡಪ್ಪಾ." ಸುತ್ತಲಿನವರು ಆಮೆನ್ ಎಂದರು. ಸೋದರತ್ತೆಯ ಆಮೆನ್ ಒಂದು ಗಳಿಗೆ ತಡವಾಗಿ ಬಂತು. ದೇವರೊಡನೆ ಮಾತಾಡುತ್ತಿರುವವರ ಬಾಯಿ ಮುಚ್ಚಿಸುವುದು ಹೇಗೆ? ನಾನು ಚಾಪೆ ನೋಡುತ್ತ ಕೂತೆ. ಭಾನುವಾರ ಹುಡುಗ ಬರಲಿಲ್ಲ. ಬೇಡವೆಂದು ಅಪ್ಪನಿಗೆ ಫೋನ್ ಬಂತು.

ಅಕ್ಕನ ಬಾಗಿಲಲ್ಲಿ ಹೋಗಿ ನಿಂತೆ. "ಯಾರ ಮುಂದೂ ಬ್ಯಾಡ ಅಂದಿದ್ನಲ್ಲಕ್ಕಾ?"

"ನಾ ಯಾರ ಮುಂದ ಹೇಳೀನವಾ? ದೇವ್ರ ಮುಂದ ಹೇಳೀನಿ," ಎಂದಳು. "ಸಂಬಂಧ ತಪ್ಪಿದ್ರ ಅದು ದೇವ್ರ ಚಿತ್ತ."

ಪಾಸ್ಟರರ ಹತ್ತಿರ ಹೋದರೆ ಅವರೂ, "ಕ್ರಿಸ್ತನ ಸಾರೂಪ್ಯಕ್ಕ ಬೆಳಿಯೂದಂದ್ರ ಇದೇ ನೋಡವಾ. ಕ್ಷಮಿಸಿಬಿಡು," ಎಂದರು. ಅಕ್ಕನಿಗೆ ಅವರು ಒಂದು ಮಾತು ಹೇಳಿದ್ದನ್ನು ನಾನು ಕಾಣೆ. ಬೆಳೆಯುವ ಕೆಲಸವೆಲ್ಲ ಪೆಟ್ಟು ತಿಂದವರ ಪಾಲಿಗೇ ಏಕೆ ಬರುತ್ತದೆಂದು ನನಗೆ ಮೈ ಉರಿಯಿತು.

ಆದರೂ ಕ್ಷಮಿಸಿದೆ. ಹೇಗೆಂದರೆ, ಅವಳಿಗೆ ತಿಳಿಯಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಭೋಳೆ ಹೆಂಗಸು, ಭಕ್ತಿ ಉಕ್ಕಿದರೆ ಬಾಯಿ ನಿಲ್ಲುವುದಿಲ್ಲ, ಎದುರಿಗೆ ಯಾರಿದ್ದಾರೆಂಬುದೇ ಮರೆತುಹೋಗಿರಬೇಕು. ಶಿಲುಬೆಯ ಮೇಲೆ ಸ್ವಾಮಿ ಕ್ಷಮೆ ಬೇಡಿದ್ದೂ ತಿಳಿಯದೆ ಮಾಡುವವರಿಗಾಗಿಯೇ ಅಲ್ಲವೇ? ದಿನವೂ ಹೀಗೆ ಹೇಳಿಕೊಂಡು ಹೇಳಿಕೊಂಡು ಮತ್ತೆ ಕೂಟಕ್ಕೆ ಹೋಗತೊಡಗಿದೆ.

ಮರುವರ್ಷ ಅಕ್ಕನ ಮಗಳು ಯಾದಗಿರಿಯ ಗಂಡನ ಮನೆಯಿಂದ ಬಂದಳು. ಮೈಯಲ್ಲಿ ಹುಷಾರಿಲ್ಲ, ನಾಲ್ಕು ದಿನ ಇದ್ದು ಹೋಗುತ್ತಾಳೆ ಎಂದು ಅಕ್ಕ ಎಲ್ಲರಿಗೂ ಹೇಳಿದಳು. ಒಂದು ಮಧ್ಯಾಹ್ನ ಅಕ್ಕನೇ ನಮ್ಮ ಅಡುಗೆಮನೆಗೆ ಬಂದು ಸೆರಗು ಬಾಯಿಗಿಟ್ಟು ಅತ್ತಳು. "ಗಂಡ ಹೊಡಿತಾನಂತ. ಬಿಟ್ಟೇ ಬಂದಾಳ. ತಿರುಗಿ ಹೋಗಂಗಿಲ್ಲ ಅಂತಾಳ. ನಿನಗಷ್ಟೇ ಹೇಳಾಕತ್ತೇನಿ, ಪ್ರಾರ್ಥನಿ ಮಾಡವಾ."

ಆ ವಾರದ ಕೂಟ ನಮ್ಮ ಮನೆಯಲ್ಲಿ, ಪ್ರಾರ್ಥನೆ ನನ್ನ ಪಾಳಿ. ಸುಳ್ಳೇಕೆ ಹೇಳಲಿ, ಮಾತು ನಾಲಿಗೆಯ ತುದಿಗೇ ಬಂದಿತ್ತು. ಅವಳ ಧಾಟಿಯಲ್ಲೇ ಶುರು ಮಾಡಿದರೆ ಯಾರೂ ನನ್ನನ್ನು ತಡೆಯುವಂತಿರಲಿಲ್ಲ. "ಕರ್ತನೇ," ಎಂದೆ. ಮುಂದಿನ ಮಾತು ಹೊರಡದೆ ಕಣ್ಣು ತೆರೆದೆ. ಎಲ್ಲರ ತಲೆ ಬಾಗಿತ್ತು. ಅಕ್ಕ ಒಬ್ಬಳೇ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು. ಬೇಡ ಎಂಬಂತೆ ತುಸುವೇ ತಲೆಯಾಡಿಸಿದಳು.

ಪ್ರಾರ್ಥನೆಯಲ್ಲಿ ಆಡಿದ ಮಾತು ಯಾರ ಕಿವಿಗೆ ಹೋಗಿ ಮುಟ್ಟುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ಹೆಸರು ಹಿಡಿದ ದಿನವೂ ಗೊತ್ತಿತ್ತು. ಹುಡುಗನ ಕಡೆಯವರಿಗೆ ವಿಷಯ ತಿಳಿಯಲಿ ಎನಿಸಿರಬೇಕು. ಚಾಡಿ ಹೇಳಿದವಳೆಂಬ ಹೆಸರು ಬೇಡ, ಅದಕ್ಕೆ ದೇವರನ್ನು ನಡುವೆ ತಂದಳು. ಇಷ್ಟು ದಿನ ನಾನು ಕ್ಷಮಿಸಿದ್ದು ಇವಳನ್ನಲ್ಲ, ನಾನೇ ಕಲ್ಪಿಸಿಕೊಂಡ ಒಬ್ಬ ಭೋಳೆ ಅಕ್ಕನನ್ನು. ಸಂಬಂಧ ಮುರಿದಾಗಲೂ ನನಗೆ ಇಷ್ಟು ಮೋಸ ಹೋದೆನೆನಿಸಿರಲಿಲ್ಲ.

"ನಮ್ಮ ಮಕ್ಕಳನ್ನೆಲ್ಲ ಕಾಯಿ, ತಂದೆ," ಎಂದು ಮುಗಿಸಿದೆ. ಅಕ್ಕನ ಮೇಲಿನ ಪ್ರೀತಿಯಿಂದಲ್ಲ. ಆ ಹುಡುಗಿಗೆ ತನ್ನ ಮಾತನ್ನು ತಾನೇ ಹೇಳಿಕೊಳ್ಳುವ ಹಕ್ಕಾದರೂ ಉಳಿಯಲಿ ಎಂದು.

ಚಹಾ ಕುಡಿದು ಎಲ್ಲರೂ ಎದ್ದಾಗ ಅಕ್ಕ ಬಾಗಿಲಲ್ಲಿ ನನ್ನ ಕೈ ಹಿಡಿದು, "ಭಾಳ ಉಪಕಾರ ಆತವಾ," ಎಂದಳು. ತಪ್ಪಾಯಿತು ಎನ್ನಲಿಲ್ಲ. ಆ ಒಂದು ಮಾತಿಗೆ ನಾನು ಇವತ್ತಿಗೂ ಕಾಯುತ್ತಿದ್ದೇನೆ. ಶಿಲುಬೆಯ ಮೇಲೆ ಸ್ವಾಮಿ ಅಂಥ ಮಾತಿಗೆ ಕಾಯದೆಯೇ ಕ್ಷಮಿಸಿದ್ದು ನನಗೆ ಗೊತ್ತು.